ಎಣ್ಣೆ ಹುಡುಕುವ ಶಿವಸ್ವಾಮಿ ಅಂಕಲ್

ಶಿವಸ್ವಾಮಿ ಅಂಕಲ್ ಮೈಕು ಹಿಡಿದು ನಮ್ಮಪ್ಪನ ಕುಡಿತದ ಕಥೆ ಶುರು ಮಾಡಿದಾಗ ನನ್ನ ಕೈಯಲ್ಲಿ ಸಮೋಸಾ ಟ್ರೇ ಇತ್ತು.

ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಒಂದು ಸಭೆಯ ಹಾಲ್. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ದಕ್ಷಿಣದ ಸಮುದ್ರದಲ್ಲಿ ಎಣ್ಣೆ ಹುಡುಕಬೇಕೋ ಬೇಡವೋ ಎಂದು ಊರಿನವರ ಜೊತೆ ಮಾತಾಡಲು ಕಂಪನಿಯವರೇ ಕರೆದಿದ್ದ ಸಭೆ. ಒಂದು ಕಡೆ ಮೀನು ಹಿಡಿಯುವವರು. ಇನ್ನೊಂದು ಕಡೆ ಬೋರ್ಡು ಹಿಡಿದ ಸ್ಕೂಲ್ ಮಕ್ಕಳು. ಹಿಂದೆ, ಹುಡುಕಿದರೆ ಕೆಲಸ ಸಿಗುತ್ತದೆ ಎಂದು ಬಂದವರು. ನಾನು ಆ ಹಿಂದಿನ ಗುಂಪು. ಹುಡುಕಲು ಹಡಗು ಬಂದರೆ ಹಡಗಿನವರಿಗೆ ಊಟ ಬೇಕು. ಊಟದ ಕಂಟ್ರಾಕ್ಟು ನಮ್ಮ ಮಾಲೀಕ ಪ್ರಕಾಶಣ್ಣನಿಗೆ ಎಂದು ಮಾತಾಗಿತ್ತು. ಕಂಟ್ರಾಕ್ಟು ಬಂದರೆ ಅಡುಗೆಮನೆ ಉಳಿಯುತ್ತದೆ. ಅಡುಗೆಮನೆ ಉಳಿದರೆ ನನ್ನ ವೀಸಾ ಉಳಿಯುತ್ತದೆ, ಈ ದೇಶದಲ್ಲಿ ಖಾಯಂ ಆಗಿ ಇರಲು ಪ್ರಕಾಶಣ್ಣ ಅರ್ಜಿ ಹಾಕುತ್ತಾನೆ. ಇಲ್ಲದಿದ್ದರೆ ಮಂಡ್ಯದ ಬಸ್ಸು.

ಹುಡುಕಿ ಎಂದು ಹೇಳಲು ಕಂಪನಿಯವರು ಕರೆತಂದ ಮನುಷ್ಯ ಅಂಕಲ್. ಆದರೆ ಅವರು ಅದನ್ನು ಬಿಟ್ಟು ನಮ್ಮಪ್ಪನ ವಿಷಯ ಎತ್ತಿದ್ದರು.

ಅವರು ಏನು ಹೇಳಿದರು ಎನ್ನುವುದಕ್ಕೆ ಮೊದಲು ಅವರು ಯಾರು ಎಂದು ಹೇಳಬೇಕು. ಇಲ್ಲದಿದ್ದರೆ ನಾನು ಯಾಕೆ ಅಷ್ಟು ಉರಿದುಹೋದೆ ಎಂದು ಗೊತ್ತಾಗುವುದಿಲ್ಲ.

ಪರ್ತ್‌ಗೆ ಬಂದಾಗ ನನಗೆ ಬರುತ್ತಿದ್ದುದು ಎರಡೇ ಕೆಲಸ. ದೋಸೆ ಹುಯ್ಯುವುದು, ಸುಮ್ಮನಿರುವುದು. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಸಲಕ್ಕೆ ಪಾಸು. ಮಂಡ್ಯದ ಹೋಟೆಲಿನ ಒಲೆ ಮುಂದೆಯೇ ಮೀಸೆ ಬಂದವನು. ಪ್ರಕಾಶಣ್ಣ ಅಡುಗೆಯವನ ವೀಸಾದಲ್ಲಿ ಕರೆಸಿಕೊಂಡ. ಹ್ಯಾರಿಸ್‌ಡೇಲ್‌ನಲ್ಲಿ ಊರಾಚೆ, ಹುಡುಗರ ಜೊತೆ ಒಂದು ರೂಮು. ಕಾರಿಲ್ಲದವನಿಗೆ ಹ್ಯಾರಿಸ್‌ಡೇಲ್ ಜೈಲು ಇದ್ದ ಹಾಗೆ. ಭಾನುವಾರ ಬಸ್ಸಿಗೆ ಕಾಯುವ ಹೊತ್ತಿಗೆ ಹಿಟ್ಟು ಹುಳಿ ಬಂದಿರುತ್ತದೆ.

ವಿಲೆಟನ್‌ನಲ್ಲಿ ಕನ್ನಡದವರ ಗಣೇಶನ ಹಬ್ಬ. ಊಟ ನಮ್ಮದು. ಬಡಿಸುವಾಗ ಪ್ರಕಾಶಣ್ಣ ನನ್ನ ಕಿವಿಯಲ್ಲಿ ಹೇಳಿದ:

"ಲೇ ಮಂಜ, ಆ ಮೂಲೇಲಿ ಕೂತಿದಾರಲ್ಲ, ಕನ್ನಡಕ, ಶಿವಸ್ವಾಮಿ ಅಂಕಲ್ ಅಂತ. ಮೈಸೂರಿನೋರು. ಎಣ್ಣೆ ಹುಡುಕೋ ಕೆಲಸ. ಚೆನ್ನಾಗಿ ನೋಡ್ಕೋ. ಅವರ ಆಫೀಸಿನ ಊಟದ ಆರ್ಡರ್ ನಮಗೆ ಬರ್ಬೇಕು."

ಎಣ್ಣೆ ಎಂದರೆ ನಮ್ಮ ಕಡೆ ಏನು ಎಂದು ಕನ್ನಡ ಬಲ್ಲ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಪಾಪ, ಹಬ್ಬದ ದಿನ ಈ ಮನುಷ್ಯ ಕೈ ನಡುಗಿಸಿಕೊಂಡು ಕೂತಿರಬೇಕು ಎಂದುಕೊಂಡೆ. ಪ್ರಕಾಶಣ್ಣನ ಕಾರಿನ ಡಿಕ್ಕಿಯಲ್ಲಿ ಒಂದು ಬಾಟಲಿ ಇರುವುದು ನನಗೆ ಗೊತ್ತಿತ್ತು. ಪಾಯಸದ ಬಕೆಟ್ಟು ಹಿಡಿದು ಅವರ ಹತ್ತಿರ ಹೋಗಿ ಬಗ್ಗಿದೆ.

"ಅಂಕಲ್, ಹಿಂದ್ಗಡೆ ಕಾರಲ್ಲಿ ಎಣ್ಣೆ ಇದೆ."

ಅವರು ಒಬ್ಬಟ್ಟು ಕೆಳಗಿಟ್ಟರು. ನನ್ನನ್ನು ನೋಡಿದರು. ಅಷ್ಟೇ ಮೆಲ್ಲಗೆ ಕೇಳಿದರು:

"ಎಷ್ಟು ಬ್ಯಾರಲ್?"

"ಬ್ಯಾರಲ್ ಎಲ್ಲಿಂದ ತರ್ಲಿ ಅಂಕಲ್. ಒಂದೇ ಬಾಟ್ಲಿ. ಮುಕ್ಕಾಲು ಇದೆ."

"ತಟ್ಟಿ ನೋಡಿದ್ಯಾ?"

"ತಟ್ಟೋದ್ಯಾಕೆ? ಗಾಜಿಂದು, ಕಾಣುತ್ತಲ್ಲ."

ಪಾಯಸ ಮೂಗಿಗೆ ಹತ್ತುವವರೆಗೂ ನಕ್ಕರು. "ಪದ್ಮಾ, ಬಾರೇ ಇಲ್ಲಿ! ಇಪ್ಪತ್ತು ವರ್ಷದಿಂದ ಹುಡುಕ್ತಿದೀನಿ, ಈ ಹುಡ್ಗ ಡಿಕ್ಕೀಲಿ ಇಟ್ಕೊಂಡಿದಾನೆ!" ಎಂದು ಹೆಂಡತಿಯನ್ನು ಕರೆದರು. ಪ್ರಕಾಶಣ್ಣ ದೂರದಿಂದ ನನ್ನನ್ನು ಕೊಲ್ಲುವ ಹಾಗೆ ನೋಡುತ್ತಿದ್ದ. ಆದರೆ ಆಫೀಸಿನ ಊಟದ ಆರ್ಡರ್ ನಮಗೇ ಬಂತು.

ಅವರ ಕೆಲಸ ಏನೆಂದು ಆಮೇಲೆ ಅವರೇ ಹೇಳಿಕೊಟ್ಟರು, ನಮ್ಮ ಅಡುಗೆಮನೆಯಲ್ಲಿ. ಶನಿವಾರ ಮಧ್ಯಾಹ್ನ ಬಂದು ಪಾತ್ರೆಗಳ ಮಧ್ಯೆ ಸ್ಟೂಲು ಹಾಕಿಕೊಂಡು ಕೂರುವುದು ಅವರಿಗೆ ಇಷ್ಟ. ಮುಚ್ಚಳ ತೆಗೆಯದೆ ಬೆರಳಿನ ಗೆಣ್ಣಿನಿಂದ ಪಾತ್ರೆಯನ್ನು ಮೇಲಿಂದ ಕೆಳಗೆ ತಟ್ಟುತ್ತ ಬರುತ್ತಿದ್ದರು. ಟಣ್, ಟಣ್, ಟಣ್, ಟಪ್.

"ಇಲ್ಲೀವರೆಗೆ ಸಾಂಬಾರ್ ಇರಬಹುದು" ಎನ್ನುತ್ತಿದ್ದರು. ತೆಗೆದರೆ ಅಲ್ಲಿಯವರೆಗೇ ಇರುತ್ತಿತ್ತು.

"ಇದೇ ಕಣೋ ನನ್ನ ಕೆಲಸ. ಹಡಗಿಂದ ಸಮುದ್ರದ ತಳಕ್ಕೆ ಸದ್ದು ಬಿಡ್ತಾರೆ. ಸದ್ದು ಒಳಗೆ ಹೋಗಿ ವಾಪಸ್ ಬರುತ್ತೆ. ಬಂದ ಸದ್ದನ್ನ ಗೆರೆ ಮಾಡಿ ನನಗೆ ಕೊಡ್ತಾರೆ. ಗೆರೆ ನೋಡಿ ಒಳಗೇನಿದೆ ಅಂತ ನಾನು ಹೇಳ್ಬೇಕು."

"ತಪ್ಪಾದ್ರೆ?"

"ತಪ್ಪಾದ್ರೆ ಡ್ರೈ ಹೋಲ್, ಖಾಲಿ ಬಾವಿ. ಕೊರೆದಿದ್ದೂ ದಂಡ, ನಾನೂ ದಂಡ."

ಒಂದು ಸಲ ಅವರನ್ನು ಕೆಡವಲು ಸಾಂಬಾರಿನ ಪಾತ್ರೆಯಲ್ಲಿ ಬೇಯಿಸಿದ ಆಲೂಗಡ್ಡೆ ತುಂಬಿಟ್ಟೆ. ತಟ್ಟಿದರು, ಕಿವಿ ಇಟ್ಟರು, "ಸಾಂಬಾರ್ ಮುಕ್ಕಾಲು ಇರಬಹುದು" ಅಂದರು. ಮುಚ್ಚಳ ತೆಗೆದೆ. "ಡ್ರೈ ಹೋಲ್!" ಎಂದು ತಾವೇ ಕೂಗಿ ತಲೆ ಮೇಲೆ ಕೈಯಿಟ್ಟುಕೊಂಡರು.

ಇರಬಹುದು. ಈ ಮಾತು ಬಿಟ್ಟು ಅವರ ಬಾಯಿಂದ 'ಇದೆ' ಎಂದು ಬಂದದ್ದನ್ನು ನಾನು ಕೇಳಿರಲಿಲ್ಲ. ನನಗೆ ಕಾರು ಓಡಿಸಲು ಕಲಿಸಿದವರು ಅವರೇ. ರೌಂಡಬೌಟಿನಲ್ಲಿ ಯಾವ ಕಡೆ ತಿರುಗಲಿ ಎಂದು ಕೇಳಿದರೆ "ಎಡಕ್ಕೆ ಇರಬಹುದು" ಎನ್ನುತ್ತಿದ್ದರು. ವಿಲೆಟನ್‌ನಿಂದ ಹ್ಯಾರಿಸ್‌ಡೇಲ್‌ಗೆ ಬರಲು ಹೋಗಿ ಎರಡು ಸಲ ಒಂದೇ ಬಂಕಿನಲ್ಲಿ ಪೆಟ್ರೋಲು ಹಾಕಿಸಿದ್ದೇವೆ. ಸಮುದ್ರದ ಅಡಿ ಏನಿದೆ ಎಂದು ಬಲ್ಲ ಮನುಷ್ಯನಿಗೆ ನಮ್ಮ ಬೀದಿ ಸಿಗುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಅವರ ಮಗಳು ಮೇಘನಾ, ಆಗಿನ್ನೂ ಸಣ್ಣವಳು, "ಓ ಮೈ ಗಾಡ್ ಅಪ್ಪ" ಎಂದು ಮುಖ ಮುಚ್ಚಿಕೊಳ್ಳುತ್ತಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಆಮೇಲೆ ಎಣ್ಣೆಯ ರೇಟು ಬಿತ್ತು. ಪರ್ತ್‌ನ ಆಫೀಸುಗಳು ಖಾಲಿಯಾದವು, ನಮ್ಮ ಊಟದ ಡಬ್ಬಿಗಳೂ ನಿಂತವು. ಅಂಕಲ್‌ಗೆ ಬ್ರಿಸ್ಬೇನಿನಲ್ಲಿ ಗ್ಯಾಸಿನ ಕೆಲಸ ಸಿಕ್ಕಿತು. ನೆಲದಡಿ ಕಲ್ಲಿದ್ದಲಿನ ಪದರದಲ್ಲಿರುವ ಗ್ಯಾಸು. ಅಲ್ಲಿಯ ಕ್ಯಾಂಪುಗಳಿಗೆ ಊಟ ಬೇಕೆಂದು ಅವರೇ ಪ್ರಕಾಶಣ್ಣನಿಗೆ ಹೇಳಿದರು. ಪ್ರಕಾಶಣ್ಣ ಅಡುಗೆಮನೆಯನ್ನು ಬ್ರಿಸ್ಬೇನಿಗೆ ಎತ್ತಿದ. ಪಾತ್ರೆಗಳ ಜೊತೆ ನಾನೂ ಹೋದೆ.

ಬ್ರಿಸ್ಬೇನಿನಲ್ಲಿ ಆ ಮನೆಯ ಗಾಳಿ ಬದಲಾಗಿತ್ತು. ಮೇಘನಾ ಹೈಸ್ಕೂಲು. ಮಾಂಸ ಮೀನು ಬಿಟ್ಟಿದ್ದಳು, ಅಪ್ಪನ ಕಾರು ಹತ್ತುವುದು ಬಿಟ್ಟಿದ್ದಳು. ಒಂದು ಭಾನುವಾರ ಅವರ ಹಿತ್ತಲಿನಲ್ಲಿ ಬಾರ್ಬಿ, ಅಂದರೆ ಬಯಲಲ್ಲಿ ಒಲೆಯಿಟ್ಟು ಸುಟ್ಟು ತಿನ್ನುವ ಊಟ. ಮೋಡ ಕವಿದು ಸೆಕೆ ಬೆನ್ನಿಗೆ ಅಂಟುತ್ತಿತ್ತು. ಅಂಕಲ್ ಇಕ್ಕಳ ಹಿಡಿದು ಪನೀರು ಮಗುಚುತ್ತಿದ್ದರು. ಮೇಘನಾ ಇದ್ದಕ್ಕಿದ್ದಂತೆ ಕೇಳಿದಳು:

"ಯು ಆಲ್ರೆಡಿ ಫೌಂಡ್ ಇನಫ್, ಅಪ್ಪ. ವೈ ಆರ್ ಯು ಸ್ಟಿಲ್ ಲುಕಿಂಗ್?"

ಸಿಕ್ಕಿರುವುದನ್ನು ಉರಿಸಿದರೇ ಭೂಮಿ ಕಾದುಹೋಗುತ್ತದೆ, ಇನ್ನೂ ಯಾಕೆ ಹುಡುಕುತ್ತೀಯ ಎನ್ನುವುದು ಅವಳ ಪ್ರಶ್ನೆ. ಹಳೆಯ ಜಗಳ ಎಂದು ಪದ್ಮಾ ಆಂಟಿ ಎದ್ದು ಒಳಗೆ ಹೋದಾಗಲೇ ಗೊತ್ತಾಯಿತು.

"ನಾನು ಹುಡುಕ್ಲಿಲ್ಲ ಅಂದ್ರೆ ಇನ್ನೊಬ್ಬ ಹುಡುಕ್ತಾನೆ ಪುಟ್ಟಿ. ಈ ದೇಶ ನಿಲ್ಸಿದ್ರೆ ಬೇರೆ ದೇಶ ಕೊರೆಯುತ್ತೆ. ನಮ್ಮ ಕಡೆ ಇನ್ನೂ ಸೌದೆ ಒಲೆ ಊದೋ ಹೆಂಗಸ್ರಿಗೆ ಗ್ಯಾಸ್ ಎಲ್ಲಿಂದ ಬರುತ್ತೆ?"

"ದಟ್ಸ್ ಯುವರ್ ಎಕ್ಸ್‌ಕ್ಯೂಸ್."

"ಎಕ್ಸ್‌ಕ್ಯೂಸಾ? ಈ ಮನೆ, ನಿನ್ನ ಸ್ಕೂಲು, ಎಲ್ಲಾ ಎಕ್ಸ್‌ಕ್ಯೂಸಾ? ಈ ಮಂಜ ಇದಾನಲ್ಲ, ಇವನ ಒಲೆ ಉರಿಯೋದೂ ಅದ್ರಿಂದ್ಲೇ. ಹೇಳೋ ಮಂಜ."

ಇಬ್ಬರೂ ನನ್ನ ಕಡೆ ತಿರುಗಿದರು. ನಗಿಸಿ ಪಾರಾಗೋಣ ಎಂದು ಹೇಳಿದೆ:

"ನಂಗೇನು ಗೊತ್ತು ಅಂಕಲ್. ನಮ್ಮಪ್ಪನೂ ಎಣ್ಣೆ ಹುಡುಕೋರೇ."

ಮೇಘನಾ ನಕ್ಕಳು. ಅವಳಿಗೆ ಆ ಎಣ್ಣೆಯ ಅರ್ಥ ವಿಲೆಟನ್‌ನ ಹಬ್ಬದಿಂದ ಗೊತ್ತಿತ್ತು. ನಗು ಸಿಕ್ಕಿತಲ್ಲ, ನಾನು ಮುಂದುವರಿಸಿದೆ. ಅಪ್ಪ ಲಾರಿ ಡ್ರೈವರು. ದಿನಾ ಸಂಜೆ ಕುಡಿದು ಬಂದು "ನಾಳೆಯಿಂದ ಬಿಡ್ತೀನಿ ಕಣೆ, ನಿನ್ನಾಣೆ" ಎಂದು ಅಮ್ಮನ ತಲೆ ಮುಟ್ಟುತ್ತಿದ್ದ. ಅದೇ ಬಾಯಲ್ಲಿ ಹೇಳಿ ಅದೇ ಕೈಯಲ್ಲಿ ಬಾಟಲಿ ಬಚ್ಚಿಡುತ್ತಿದ್ದ. ಹುಣಸೆಹಣ್ಣಿನ ಮಡಕೆಯಲ್ಲಿ. ಸ್ಟೆಪ್ನಿ ಟೈರಿನಲ್ಲಿ. ದನದ ಕೊಟ್ಟಿಗೆಯ ಹುಲ್ಲಿನಲ್ಲಿ. ಎಲ್ಲಿಟ್ಟೆ ಎಂದು ತಾನೇ ಮರೆತು ಹುಲ್ಲೆಲ್ಲ ಕೆದರುತ್ತಿದ್ದ, ದನ ಅವನನ್ನೇ ನೋಡುತ್ತ ನಿಂತಿರುತ್ತಿತ್ತು.

"ಅಮ್ಮ ಏನೂ ಅಂತಿರ್ಲಿಲ್ವಾ?" ಅಂಕಲ್ ಕೇಳಿದರು.

"ಕುಡಿಯೋ ಬಾಟ್ಲಿ ನೋಡಿ ಏನೂ ಅಂತಿರ್ಲಿಲ್ಲ ಅಂಕಲ್. ಬಚ್ಚಿಟ್ಟಿದ್ದು ಸಿಕ್ದಾಗ ಮಾತ್ರ ಅಳೋಳು. 'ನಾಳೆಯಿಂದ ಬಿಡೋನಿಗೆ ನಾಡಿದ್ದಿಗೆ ಯಾಕೆ ಬೇಕು' ಅನ್ನೋಳು."

ಮೇಘನಾಳ ನಗು ನಿಂತಿತು. ಅಂಕಲ್ ಕೈಯ ಇಕ್ಕಳ ನಿಂತಿತು. ನಾನೇನೋ ತಪ್ಪು ಆಡಿದೆ ಎಂದುಕೊಂಡೆ. ಪನೀರು ಕಪ್ಪಾಗಿ ಹೊಗೆ ಬಂತು.

"ಅಂಕಲ್, ಪನೀರ್."

ಅವರು ಕೇಳಿಸಿಕೊಳ್ಳಲಿಲ್ಲ. ಮಳೆ ದಪ್ಪ ಹನಿಯಾಗಿ ಬಿದ್ದ ಮೇಲೆಯೇ ಅಲ್ಲಿಂದ ಅಲುಗಾಡಿದ್ದು. ನನ್ನನ್ನು ರೂಮಿಗೆ ಬಿಡಲು ಬಂದಾಗ ಕಾರಿನಲ್ಲಿ ಕೇಳಿದರು:

"ನಿಮ್ಮಪ್ಪ ಕೊನೆಗೆ ಬಿಟ್ರಾ?"

"ಬಿಟ್ರು."

"ಹೇಗೆ?"

"ಅದು ಜೋಕಲ್ಲ ಅಂಕಲ್. ಬಿಡಿ."

ಅವರು ಬಿಟ್ಟರು. ನಾನೂ ಮರೆತೆ. ಅವರು ಮರೆತಿರಲಿಲ್ಲ.

ಆಮೇಲೆ ಅಡಿಲೇಡು. ದಕ್ಷಿಣದ ಸಮುದ್ರದಲ್ಲಿ, ಯಾರೂ ಕೊರೆಯದ ಆಳದಲ್ಲಿ ಹುಡುಕಬೇಕು ಎಂದು ಒಂದು ಕಂಪನಿ ಅಂಕಲ್ ಅವರನ್ನು ಕರೆಸಿಕೊಂಡಿತು. ಬ್ರಿಸ್ಬೇನಿನ ಕ್ಯಾಂಪುಗಳ ಊಟವನ್ನು ದೊಡ್ಡ ಕ್ಯಾಟರಿಂಗಿನವರು ಕಿತ್ತುಕೊಂಡಿದ್ದರು. ಈ ಹಡಗುಗಳ ಊಟವೇ ಪ್ರಕಾಶಣ್ಣನ ಕೊನೆಯ ಆಸೆ. "ಇದು ಬಂತು ಅಂದ್ರೆ ನಿನ್ನ ಪಿಆರ್ ಅರ್ಜಿ ನನ್ನ ಜವಾಬ್ದಾರಿ. ಬರ್ಲಿಲ್ಲ ಅಂದ್ರೆ ನಾನೇ ಊಬರ್ ಓಡಿಸ್ಬೇಕು, ನಿನ್ನ ಎಲ್ಲಿ ಇಟ್ಕೊಳ್ಲಿ" ಅಂದ. ಮುಚ್ಚುಮರೆ ಇಲ್ಲದ ಮಾತು. ನನಗೆ ಅದೇ ಇಷ್ಟ.

ಅಂಕಲ್ ಮನೆ ಅಡಿಲೇಡಿನ ಮಾಡ್ಬರಿಯಲ್ಲಿ. ಸಭೆಗೆ ಎರಡು ದಿನ ಮುಂಚೆ ಹೋದೆ. ಮೇಘನಾಗೆ ಸ್ಕೂಲಿನ ಕೊನೆಯ ವರ್ಷ. ಎಣ್ಣೆ ಹುಡುಕಬೇಡಿ ಎಂದು ಕ್ಲಾಸು ತಪ್ಪಿಸಿ ಬೀದಿಗೆ ಇಳಿಯುವ ಮಕ್ಕಳ ಜೊತೆ ಅವಳೂ ಹೋಗುತ್ತಿದ್ದಳು. ಅಪ್ಪನ ಜೊತೆ ಮಾತಿಲ್ಲ, ಒಂದೇ ಟೇಬಲ್ಲಿನಲ್ಲಿ ಊಟವಿಲ್ಲ. ಅವಳ ರೂಮಿನ ಬಾಗಿಲಿಗೆ ಒರಗಿಸಿಟ್ಟ ಬೋರ್ಡನ್ನು ದಾಟಿಕೊಂಡೇ ಅಂಕಲ್ ಬಚ್ಚಲಿಗೆ ಹೋಗಬೇಕಿತ್ತು. ಬೋರ್ಡಿನಲ್ಲಿ ಬರೆದದ್ದು ಅವರ ಕೆಲಸ ನಿಲ್ಲಬೇಕು ಎಂದೇ.

ಊಟದ ಟೇಬಲ್ಲಿನ ಮೇಲೆ ಉದ್ದನೆಯ ಕಾಗದ ಹರಡಿತ್ತು. ಎಲ್ಲರೂ ಕಂಪ್ಯೂಟರಿನಲ್ಲಿ ನೋಡುವುದನ್ನು ಅವರು ಕಾಗದದಲ್ಲಿ ತೆಗೆಸಿ ಬಣ್ಣದ ಪೆನ್ಸಿಲಿನಲ್ಲಿ ತಿದ್ದುತ್ತಿದ್ದರು. ಗೆರೆಗಳ ಮಧ್ಯೆ ಒಂದು ಉಬ್ಬು. ಅದಕ್ಕೆ ಹಳದಿ ಹಚ್ಚಿದ್ದರು.

"ಇದರೊಳಗೆ ಇರಬಹುದು. ತುಂಬಾ ಇರಬಹುದು. ನನ್ನ ಸರ್ವೀಸ್‌ನಲ್ಲೇ ಇಷ್ಟು ಚೆಂದದ ಉಬ್ಬು ನೋಡಿಲ್ಲ ಕಣೋ."

"ಹಾಗಾದ್ರೆ ಹುಡ್ಕಿ ಅಂತ ಹೇಳ್ತೀರಲ್ಲ ಅಂಕಲ್?"

ಅವರು ಹಳದಿ ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡರು. ತೆಗೆದರು. ಮತ್ತೆ ಸಿಕ್ಕಿಸಿಕೊಂಡರು.

"ಅಂಕಲ್, ನಂಗೆ ತಟ್ಟೋದು ಗಿಟ್ಟೋದು ಬೇಡ. ಹೇಳ್ತೀರೋ ಇಲ್ವೋ?"

"ಒಂದು ಲೋಟ ಕಾಫಿ ಮಾಡ್ತೀಯಾ?"

ಮಾಡಿದೆ. ಪಾತ್ರೆ ಕುಕ್ಕುವ ಸದ್ದಿಗೆ ಮೇಘನಾ ಹೊರಗೆ ಬಂದಳು.

"ಡೋಂಟ್ ಪುಶ್ ಹಿಮ್, ಮಂಜಣ್ಣ."

"ನಿಂಗೆ ಪಾಸ್‌ಪೋರ್ಟ್ ಇದೆಯಮ್ಮ" ಅಂದೆ. "ನೀನು ಇಲ್ಲಿ ಬೋರ್ಡು ಹಿಡ್ಕೊಂಡು ನಿಂತ್ರೆ ಪೊಲೀಸ್ನೋನು ನಗ್ತಾನೆ. ನಾನು ಕೆಲ್ಸ ಇಲ್ದೆ ನಿಂತ್ರೆ ಏರ್‌ಪೋರ್ಟ್‌ಗೆ ಕಳಿಸ್ತಾನೆ."

ಅವಳು ಬಿಳಿಚಿಕೊಂಡಳು. ಆಡಿದ್ದಕ್ಕೆ ನನಗೆ ಬೇಸರವಿಲ್ಲ. ಇದ್ದದ್ದನ್ನೇ ಹೇಳಿದ್ದು. ಅಂಕಲ್ ಕಾಫಿ ಕುಡಿಯದೆ ಲೋಟವನ್ನು ಗೆಣ್ಣಿನಿಂದ ಸುಮ್ಮನೆ ತಟ್ಟುತ್ತಿದ್ದರು. ತುಂಬಿದ ಲೋಟಕ್ಕೆ ಸದ್ದು ಬರುವುದಿಲ್ಲ.

ಸಭೆ. ಮೊದಲು ಕಂಪನಿಯ ಮ್ಯಾನೇಜರ್ ಮಾತಾಡಿದ. ಕೆಲಸ, ಕಾಳಜಿ, ಸುರಕ್ಷತೆ. ಆಮೇಲೆ ಅಂಕಲ್ ಕೈಗೆ ಮೈಕು ಬಂತು. ಮೀನು ಹಿಡಿಯುವ ಒಬ್ಬ ಮುದುಕ ಎದ್ದು ನೇರವಾಗಿ ಕೇಳಿದ. ಅಲ್ಲಿ ಎಣ್ಣೆ ಇದೆಯೋ ಇಲ್ಲವೋ?

"ಇರಬಹುದು" ಅಂದರು ಅಂಕಲ್, ಇಂಗ್ಲಿಷಿನಲ್ಲಿ.

ಮ್ಯಾನೇಜರ್ ತಲೆಯಾಡಿಸಿದ. ಪ್ರಕಾಶಣ್ಣ ನನ್ನ ಪಕ್ಕೆ ತಿವಿದ. ಇರಬಹುದಾದರೆ ನೋಡೋದ್ರಲ್ಲಿ ತಪ್ಪೇನು ಎಂದು ಹಿಂದಿನಿಂದ ಯಾರೋ ಕೂಗಿದರು. ನೀವೇ ಹೇಳಿ, ನೋಡಬೇಕೋ ಬೇಡವೋ?

ಅಂಕಲ್ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

"ನನ್ನ ಭಾಷೆಯಲ್ಲಿ ಈ ಎಣ್ಣೆಗೂ ಆ ಎಣ್ಣೆಗೂ ಒಂದೇ ಮಾತು" ಎಂದು ಶುರು ಮಾಡಿ ಬಾಟಲಿ ಎತ್ತುವ ಹಾಗೆ ಕೈ ಮಾಡಿದರು. ಜನ ನಕ್ಕರು. "ನನಗೆ ಗೊತ್ತಿರುವ ಒಬ್ಬ ಹುಡುಗ. ಅವನ ತಂದೆ ದಿನಾ ನಾಳೆಯಿಂದ ಬಿಡ್ತೀನಿ ಅಂತಿದ್ದ." ಹುಣಸೆಹಣ್ಣಿನ ಮಡಕೆ ಬಂತು. ಟೈರು ಬಂತು. ದನದ ಕೊಟ್ಟಿಗೆ ಬಂತು. ಜನ ಜೋರಾಗಿ ನಕ್ಕರು. ನನ್ನ ಅಪ್ಪ ಹುಲ್ಲು ಕೆದರುವುದನ್ನು ನೋಡಿ ಆ ಹಾಲ್ ಪೂರ್ತಿ ನಗುತ್ತಿತ್ತು. ಆಮೇಲೆ ಅಮ್ಮ ಬಂದಳು.

"ನಾಳೆಯಿಂದ ಬಿಡುವವನಿಗೆ ನಾಡಿದ್ದಿಗೆ ಯಾಕೆ ಬೇಕು ಎಂದು ಅವನ ತಾಯಿ ಕೇಳುತ್ತಿದ್ದಳಂತೆ. ಎಣ್ಣೆ ಉರಿಸುವುದನ್ನು ಬಿಡುತ್ತೇನೆ ಎಂದು ಈ ದೇಶ ಹೇಳಿದೆ. ನಾನು ಹುಡುಕುತ್ತಿರುವುದು ನಾಡಿದ್ದಿನ ಬಾಟಲಿ. ಕೈಯಲ್ಲಿರುವುದನ್ನು ಈಗಲೇ ಚೆಲ್ಲಿ ಅಂತ ನಾನು ಹೇಳಲಾರೆ. ಹೊಸದನ್ನು ಹುಡುಕಬೇಡಿ. ಅದನ್ನು ಹುಡುಕುವವನು ನಾನೇ, ಆದ್ದರಿಂದ ನನಗೆ ಗೊತ್ತು."

ನಗು ನಿಂತುಹೋಯಿತು. ಚಪ್ಪಾಳೆ ಕೂಡಲೇ ಬರಲಿಲ್ಲ, ಬಂದಾಗ ಎಲ್ಲ ಕಡೆಯಿಂದಲೂ ಬರಲಿಲ್ಲ. ಮ್ಯಾನೇಜರ್ ಮೈಕು ತೆಗೆದುಕೊಂಡ. ಹಿಂದಿನ ಸಾಲಿನವನೊಬ್ಬ "ನನ್ನ ಮಕ್ಕಳಿಗೆ ನೀನು ಊಟ ಹಾಕ್ತೀಯಾ?" ಎಂದು ಕಿರುಚಿದ. ನಾನು ಕಿರುಚಬೇಕೆಂದಿದ್ದುದೂ ಅದೇ. ಸ್ಕೂಲ್ ಮಕ್ಕಳ ಮಧ್ಯೆ ನಿಂತಿದ್ದ ಮೇಘನಾ ಬೋರ್ಡು ಕೆಳಗಿಟ್ಟಿದ್ದಳು. ಅವಳು ಅಪ್ಪನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

ವ್ಯಾನಿಗೆ ಪಾತ್ರೆ ತುಂಬುವಾಗ ಅಂಕಲ್ ಬಂದರು.

"ಮಂಜ."

"ನಮ್ಮಪ್ಪನ್ನ ಯಾಕೆ ಎಳೆದ್ರಿ?"

"ಹೆಸ್ರು ಹೇಳ್ಲಿಲ್ವಲ್ಲೋ."

"ಟ್ರೇ ಹಿಡ್ಕೊಂಡು ನಾನೇ ನಿಂತಿದ್ನಲ್ಲ. ಹೆಸ್ರು ಬೇರೆ ಬೇಕಿತ್ತಾ?"

ಅವರು ನನ್ನ ಕೈಯ ಪಾತ್ರೆಗೆ ಕೈ ಹಾಕಿದರು. ನಾನು ನಿಲ್ಲಿಸಲಿಲ್ಲ.

"ಕಥೆ ಅರ್ಧಕ್ಕೆ ಹೇಳಿದ್ರಿ. ಬ್ರಿಸ್ಬೇನಲ್ಲಿ ಕೇಳಿದ್ರಲ್ಲ, ಅಪ್ಪ ಹೇಗೆ ಬಿಟ್ರು ಅಂತ? ಅಪ್ಪ ಬಚ್ಚಿಟ್ಟಿದ್ದನ್ನೆಲ್ಲ ಅಮ್ಮ ಹುಡುಕಿ ಒಡೆದುಹಾಕಿದ್ಲು. ಅಪ್ಪಂಗೆ ನಡುಕ ಬಂತು. ಗೋಡೇಲಿ ಹಾವಿದೆ ಅಂತ ಕಿರುಚೋನು. ನಾನೊಂದು ಕೈ, ಚಿಕ್ಕಪ್ಪ ಒಂದು ಕೈ ಹಿಡ್ಕೊಂಡು ಆಸ್ಪತ್ರೇಲಿ ಕೂತಿದ್ವಿ. ಬಿಡಿ ಅಂತ ಮೈಕಲ್ಲಿ ಹೇಳೋದು ಸುಲಭ ಅಂಕಲ್. ನಡುಗ್ತಿರೋನ್ನ ಹಿಡ್ಕೊಳೋರು ಯಾರು? ಈಗ ನಡುಗ್ತಿರೋದು ನಾನು."

ಅಂಕಲ್ ವ್ಯಾನಿನ ಬಾಗಿಲು ಹಿಡಿದು ನಿಂತರು. ಅಲ್ಲಿಂದಲೇ ಹೇಳಿದರು:

"ಹೌದು. ಅದನ್ನ ನಾನು ಹೇಳ್ಲಿಲ್ಲ. ನಂಗೆ ಗೊತ್ತಿರ್ಲಿಲ್ಲ."

"ಕೇಳ್ಬೇಕಿತ್ತು."

"ಕೇಳಿದ್ದೆ. ನೀನು ಹೇಳ್ಲಿಲ್ಲ."

ಅದೂ ನಿಜ. ಬಾಗಿಲು ಎಳೆದುಕೊಂಡು ಹೊರಟೆ.

ಕಂಪನಿಯವರು ಅಂಕಲ್‌ಗೆ ಇನ್ನು ಬರಬೇಡಿ ಅಂದರು. ಸ್ವಲ್ಪ ಕಾಲದ ಮೇಲೆ ತಮ್ಮ ಲೆಕ್ಕಾಚಾರ ನೋಡಿಕೊಂಡು ತಾವೂ ಆ ಸಮುದ್ರ ಬಿಟ್ಟು ಹೋದರು. ಅಂಕಲ್ ಮಾತಿನಿಂದಲೇ ಹೋದರು ಎಂದು ನಾನು ಹೇಳುವುದಿಲ್ಲ, ಒಬ್ಬರ ಮಾತಿಗೆ ಹಡಗು ತಿರುಗುವುದಿಲ್ಲ. ಪ್ರಕಾಶಣ್ಣ ಅಡುಗೆ ಪಾತ್ರೆ ಮಾರಿ ನಿಜವಾಗಿಯೂ ಊಬರ್ ಶುರು ಮಾಡಿದ. ವೀಸಾ ಉಳಿಯಬೇಕಾದರೆ ನನಗೆ ಬೇಗ ಬೇರೆ ಸ್ಪಾನ್ಸರ್ ಬೇಕಾಯಿತು. ಅಂದರೆ ನನ್ನನ್ನು ಕೆಲಸಕ್ಕಿಟ್ಟುಕೊಂಡು ವೀಸಾಗೆ ಜವಾಬ್ದಾರಿ ಹೊರುವ ಒಬ್ಬ ಮಾಲೀಕ.

ಒಂದು ಬೆಳಿಗ್ಗೆ ರೂಮಿನ ಮುಂದೆ ಅಂಕಲ್ ಕಾರು ನಿಂತಿತ್ತು.

"ಹತ್ತು."

"ಎಲ್ಲಿಗೆ?"

"ಹುಡುಕೋಕೆ. ನಂಗೆ ಬರೋದು ಅದೊಂದೇ ಅಲ್ವೇನೋ."

ಕೋಪ ಹೋಗಿರಲಿಲ್ಲ. ಆದರೂ ಹತ್ತಿದೆ. ಹೋಟೆಲು, ಕ್ಯಾಂಟೀನು, ಕ್ಲಬ್ಬು, ಒಂದೊಂದರ ಹಿಂಬಾಗಿಲಿಗೂ ಹೋದೆವು. ಇಂಗ್ಲಿಷ್ ಅವರದು, ಮುಖ ನನ್ನದು. ಬೇಡ ಎಂದಾಗಲೆಲ್ಲ ಕಾರಿಗೆ ಬಂದು "ಡ್ರೈ ಹೋಲ್" ಎನ್ನುತ್ತಿದ್ದರು. ಮೊದಮೊದಲು ನಾನು ನಗಲಿಲ್ಲ. ಬಿಸಿಲು ಕಾರಿನ ಸ್ಟಿಯರಿಂಗ್ ಮುಟ್ಟಲಾಗದಷ್ಟು ಕಾದ ಒಂದು ದಿನ, ಮೀನಿನ ಅಂಗಡಿಯವನು ಬಾಗಿಲು ತೆಗೆಯದೆ ಒಳಗಿನಿಂದಲೇ ಕೈ ಆಡಿಸಿದಾಗ, "ಡ್ರೈ ಹೋಲ್" ಎಂದು ನಾನೇ ಅಂದೆ. ಅಂಕಲ್ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಕ್ಕರು. ಕಣ್ಣು ಒರೆಸಿಕೊಂಡಾಗ ಅದು ನಗುವಿನದೋ ಅಲ್ಲವೋ ನೋಡಲು ನಾನು ಹೋಗಲಿಲ್ಲ.

ಕೊನೆಗೆ ಮಾಡ್ಬರಿ ಹತ್ತಿರ ವಯಸ್ಸಾದವರ ಹೋಮ್ ಒಂದರಲ್ಲಿ ಅಡುಗೆಯವನು ಬೇಕಿತ್ತು. ಅಲ್ಲಿಯ ಮೇಲ್ವಿಚಾರಕಿ ನನ್ನನ್ನು ಬಿಟ್ಟು ಅಂಕಲ್ ಮುಖ ನೋಡಿ ಕೇಳಿದಳು. ಈತ ಚೆನ್ನಾಗಿ ಮಾಡುತ್ತಾನಾ?

"ಹಿ ಮೇ ಬಿ ಗುಡ್" ಅಂದರು ಅಂಕಲ್.

ಬಾಯಿ ತಪ್ಪಿ ಬಂದದ್ದಲ್ಲ, ಅವರಿಗೆ ಹಾಗೆಯೇ ಬರುವುದು. ಅವಳ ಹುಬ್ಬು ಮೇಲೆ ಹೋಯಿತು. "ಮೇ ಬಿ?"

ಮುಗಿಯಿತು ಎಂದುಕೊಂಡೆ. ಅಂಕಲ್ ಕೆಂಪಗಾದರು. ಅವಳ ಮೇಜನ್ನು ಗೆಣ್ಣಿನಿಂದ ಒಂದು ಸಲ ತಟ್ಟಿದರು.

"ನೋ. ಹಿ ಈಸ್ ಗುಡ್. ಹಿ ಈಸ್."

'ಇರಬಹುದು' ಬಿಟ್ಟು ಅವರ ಬಾಯಿಂದ 'ಇದೆ' ಎನ್ನುವ ಖಾತ್ರಿ ಬಂದದ್ದನ್ನು ನಾನು ಕೇಳಿದ್ದು ಆವತ್ತೇ. ಕೆಲಸ ಸಿಕ್ಕಿತು. ಈಗಲೂ ಅಲ್ಲಿಯೇ ಇದ್ದೇನೆ. ಅಲ್ಲಿಯ ಮುದುಕರು ನನ್ನ ಉಪ್ಪಿಟ್ಟಿಗೆ ಟೊಮೇಟೊ ಸಾಸು ಹಾಕಿಕೊಂಡು ತಿನ್ನುತ್ತಾರೆ. ತಿನ್ನಲಿ.

ಅಂಕಲ್‌ಗೂ ಆಮೇಲೆ ಒಂದು ಕೆಲಸ ಸಿಕ್ಕಿತು, ಕ್ವೀನ್ಸ್‌ಲ್ಯಾಂಡಿನಲ್ಲಿ, ಬ್ರಿಸ್ಬೇನಿನಿಂದಲೂ ಬಹಳ ಒಳಗೆ. ಕೊರೆದು ಬಿಟ್ಟುಹೋದ ಹಳೆಯ ಬಾವಿಗಳಿಗೆ ಸಿಮೆಂಟು ತುಂಬಿ ಮುಚ್ಚುವ ಕೆಲಸ. ಸಂಬಳ ಕಡಿಮೆ. "ಹುಡುಕೋದು ಆಯ್ತು, ಇನ್ನು ಮುಚ್ಚೋದು" ಅಂದರು. ಮೇಘನಾ ಕಾಲೇಜಿಗೆ ಅಡಿಲೇಡಿನಲ್ಲೇ ಉಳಿದಳು. ಅವರು ಹೊರಡುವ ದಿನ ಬುತ್ತಿ ಕಟ್ಟಿಕೊಂಡು, ಆಗಷ್ಟೇ ಕೊಂಡಿದ್ದ ನನ್ನದೇ ಕಾರಿನಲ್ಲಿ ಹೋದೆ. ಬಿಸಿಬೇಳೆಬಾತು, ಮೊಸರನ್ನ. ಮೇಘನಾ ಅಪ್ಪನ ಸೂಟ್‌ಕೇಸ್ ಎತ್ತಿ ಕಾರಿಗೆ ಇಡುತ್ತಿದ್ದಳು. "ಹುಷಾರು ಅಪ್ಪ" ಅಂದಳು, ಕನ್ನಡದಲ್ಲಿ.

ಅಂಕಲ್ ಬುತ್ತಿಯ ಡಬ್ಬಿಯನ್ನು ತಟ್ಟಿ ನೋಡಿ "ಬಿಸಿಬೇಳೆಬಾತ್ ಇರಬಹುದು" ಅಂದರು. ನಾನು ಥ್ಯಾಂಕ್ಸ್ ಹೇಳಬೇಕೆಂದುಕೊಂಡು ಬಂದಿದ್ದೆ. ಅಪ್ಪನ ವಿಷಯದಲ್ಲಿ ಕೋಪ ಇನ್ನೂ ಸ್ವಲ್ಪ ಉಳಿದಿದೆ ಎಂದೂ ಹೇಳಬೇಕಿತ್ತು. ಎರಡೂ ಬಾಯಿಗೆ ಬರಲಿಲ್ಲ. ಬಂದದ್ದು ಇದು:

"ಅಂಕಲ್, ಹಿಂದ್ಗಡೆ ಕಾರಲ್ಲಿ ಎಣ್ಣೆ ಇದೆ."

ಎಷ್ಟು ಬ್ಯಾರಲ್ ಎಂದು ಕೇಳುತ್ತಾರೆ ಎಂದು ಕಾದೆ. ಅವರು ನನ್ನ ಕಾರಿನ ಹಿಂದಕ್ಕೆ ಹೋದರು. ಡಿಕ್ಕಿ ತಟ್ಟಲು ಬೆರಳು ಮಡಚಿ ಕೈ ಎತ್ತಿದರು. ಎತ್ತಿದ ಕೈಯನ್ನು ಹಾಗೇ ಇಳಿಸಿ ನನ್ನ ಭುಜದ ಮೇಲಿಟ್ಟರು.

"ಇದ್ರೆ ಅಲ್ಲೇ ಇರ್ಲಿ ಬಿಡೋ."

ಹೊರಟುಹೋದರು. ಆಮೇಲೆ ಅವರನ್ನು ನೋಡಿಲ್ಲ. ನಾನೂ ಡಿಕ್ಕಿ ತೆಗೆಯಲಿಲ್ಲ. ಇಷ್ಟೇ. ಇನ್ನು ಹೇಳುವುದು ಏನೂ ಇಲ್ಲ.